ಇಂದುಮತಿ ತೆರೆದ ಕೋಣೆ

ತುಟಿಯ ಮುಂದೆ ಕಾಗದದ ಚೂರೊಂದನ್ನು ಹಿಡಿದು ಇಂದುಮತಿ ‘ಪ’ ಎನ್ನುವಳು. ಚೂರು ಪಟಪಟನೆ ಅಲುಗುವುದು. ಎದುರಿಗೆ ಕುಳಿತ ಕಿವಿ ಕೇಳದ ಮಗು ಕೇಕೆ ಹಾಕಿ ನಗುವುದು. ಅವಳನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಇದೇ.

ನಾವಿಬ್ಬರೂ ಊರಿನ ದೊಡ್ಡ ಆಸ್ಪತ್ರೆಗೆ ಒಟ್ಟಿಗೆ ಕೆಲಸಕ್ಕೆ ಸೇರಿದವರು. ನಾನು ಮಕ್ಕಳ ಕಿವಿ ಪರೀಕ್ಷಿಸುತ್ತಿದ್ದೆ, ಅವಳು ಮಾತು ಕಲಿಸುತ್ತಿದ್ದಳು. ಆ ವಿದ್ಯೆಯನ್ನು ಅವಳು ಕಲಿತದ್ದು ಬ್ಯಾಂಕಿನ ಸಾಲದಲ್ಲಿ. ಜಾಮೀನಿಗೆ ನಿಂತವನು ಟೈಲರ್ ಅಂಗಡಿ ಇಟ್ಟಿದ್ದ ಅವಳ ಅಪ್ಪ.

ಬಡವರ ಮಕ್ಕಳಿಗೆಂದು ಇದ್ದ ಉಚಿತ ಪಾಠವನ್ನು ಆಡಳಿತದವರು ಒಂದು ದಿನ ನಿಲ್ಲಿಸಿಬಿಟ್ಟರು. ಇಂದುಮತಿ ಸಿಟ್ಟಿನಿಂದ ಕೆಲಸ ಬಿಟ್ಟು ತನ್ನದೇ ಪಾಠದ ಕೋಣೆ ತೆರೆಯುತ್ತೇನೆಂದು ಹೊರಟಳು. ಇಬ್ಬರೂ ಹೋಗಿ ನೇಕಾರರ ಓಣಿಯಲ್ಲಿ ಜಾಗ ನೋಡಿ ಬಂದೆವು. ಹಿಂದಿರುಗುವಾಗ ಅವಳ ನಡಿಗೆ ನಿಧಾನವಾಯಿತು.

“ಸಂಬಳ ನಿಂತ್ರೆ ಕಂತು ನಿಲ್ಲುತ್ತೆ ಕಣೇ. ಬ್ಯಾಂಕಿನವರು ಅಪ್ಪನ ಅಂಗಡೀಲಿ ಬಂದು ಕೂರ್ತಾರೆ. ಸಾಲ ತೀರ್ಲಿ, ಆಮೇಲೆ ನೋಡೋಣ.”

ಆ ‘ಆಮೇಲೆ’ ಬರಲು ಬಹಳ ವರ್ಷಗಳು ಹಿಡಿದವು. ಬಡ್ಡಿ ಬೆಳೆಯಿತು. ಒಮ್ಮೆ ಕೂಡಿಬಂದ ಮದುವೆ “ಸಾಲ ಹೊತ್ತು ಬರೋ ಸೊಸೆ” ಎಂಬ ಗೊಣಗಾಟಕ್ಕೆ ಮುರಿದುಬಿತ್ತು. ಅವಳು ಯಾರ ಮೇಲೂ ಮುನಿಯಲಿಲ್ಲ. ಆಸ್ಪತ್ರೆಗೆ ಹೋದಳು, ಬಂದಳು.

ಕೊನೆಗೂ ಸಾಲ ತೀರಿತು. ಅದೇ ಓಣಿಯಲ್ಲಿ ಕೋಣೆ ತೆರೆದಳು. ಮೊದಲ ವಾರವೇ ಒಬ್ಬ ತಾಯಿ ತನ್ನೆತ್ತರಕ್ಕೆ ಬೆಳೆದ, ಕಿವಿ ಕೇಳದ ಮಗಳು ಸುಗುಣಾಳನ್ನು ಕರೆತಂದಳು. ಇಂದುಮತಿ ಕಾಗದದ ಚೂರು ಹಿಡಿದು ‘ಪ’ ಎಂದಳು. ಹುಡುಗಿ ಸುಮ್ಮನೆ ನೋಡಿದಳು.

“ಚಿಕ್ಕವಳಿದ್ದಾಗಲೇ ಕರ್ಕೊಂಡು ಬರಬೇಕಿತ್ತಲ್ಲಮ್ಮ?”

“ಬಂದಿದ್ವಿ ತಾಯಿ. ದೊಡ್ಡಾಸ್ಪತ್ರೇಲಿ ಪುಕ್ಕಟೆ ಹೇಳ್ಕೊಡೋದು ನಿಲ್ಲಿಸಿದೀವಿ ಅಂದ್ರು. ಬೇರೆ ಯಾರಿದ್ರು? ನೀವು ಈಗ ತೆರೆದ್ರಿ.”

ಆಕೆಯ ದನಿಯಲ್ಲಿ ದೂರಿರಲಿಲ್ಲ. ಆ ಸಾಲವನ್ನು ತಾನೊಬ್ಬಳೇ ತೀರಿಸಿದೆನೆಂದು ಇಂದುಮತಿ ಅದುವರೆಗೆ ನಂಬಿದ್ದಳು; ಈ ಹುಡುಗಿಯ ಬಾಲ್ಯವೂ ಅದಕ್ಕೆ ಕಂತಾಗಿ ಹೋಗಿತ್ತು.

ಅವಳು ಕಾಗದವನ್ನು ಬದಿಗಿಟ್ಟಳು. “ಇವಳು ಗೆಳತಿಯರ ಹತ್ರ ಹೇಗೆ ಮಾತಾಡ್ತಾಳೆ?”

“ಎಲ್ಲಾ ಕೈಯಲ್ಲೇ. ನಮಗೆ ಒಂದೂ ತಿಳಿಯಲ್ಲ.”

“ಹಾಗಾದ್ರೆ ನೀವೂ ಕೂತ್ಕೊಳ್ಳಿ. ಇಬ್ರೂ ಇವಳ ಹತ್ರ ಕಲಿಯೋಣ.”

ಇಂದುಮತಿ ತನ್ನ ಎದೆ ಮುಟ್ಟಿಕೊಂಡು, ನಿನ್ನ ಕೈಮಾತಿನಲ್ಲಿ ನನಗೆ ಯಾವ ಹೆಸರಿಡುತ್ತೀ ಎಂಬಂತೆ ಕೈ ತಿರುಗಿಸಿದಳು. ಸುಗುಣಾ ಅವಳ ಮುಖವನ್ನೇ ದಿಟ್ಟಿಸಿದಳು. ಬಳಿಕ ನಗುತ್ತ, ತನ್ನ ಕಪ್ಪು ಕೂದಲ ಮೇಲೆ ಹಣೆಯಿಂದ ಹಿಂದಕ್ಕೆ ಮೆಲ್ಲಗೆ ಒಂದು ಬೆರಳೆಳೆದಳು. ಇಂದುಮತಿಯ ತಲೆಯಲ್ಲಿ ನೆರೆತ ಕೂದಲು ಗೆರೆಯಾಗಿದ್ದುದು ಅಲ್ಲೇ.