ಕಮಿಷನ್ ಕೇಳದವಳ ಮೇಲೆ ಅನುಮಾನ

ಅಂಗಳದ ಪಾಚಿಯಲ್ಲಿ ಜಾರಿ ಬಿದ್ದ ಕಜೆಟನ್ ಸೊಂಟದ ಮೂಳೆ ಮುರಿದುಕೊಂಡ. ಉಡುಪಿಯ ಸರಕಾರಿ ಆಸ್ಪತ್ರೆಯೊಂದಕ್ಕೆ ಕರೆತಂದರು. ಡಾಕ್ಟರು ನೋಡಿ, "ಬೇಗ ಆಪರೇಷನ್ ಆಗಬೇಕು. ತಡವಾದರೆ ಮತ್ತೆ ನಡೆಯುವುದು ಕಷ್ಟ. ಬಿಪಿಎಲ್ ಕಾರ್ಡ್ ಉಂಟಲ್ವಾ? ಸರಕಾರಿ ಯೋಜನೆಗೆ ನೋಂದಣಿ ಮಾಡಿಸುವ ಆರೋಗ್ಯಮಿತ್ರರ ಕೌಂಟರಿಗೆ ಹೋಗಿ, ಖರ್ಚು ಸರಕಾರದ್ದು" ಎಂದರು.

ಖರ್ಚು ಸರಕಾರದ್ದಂತೆ! ಹೆಂಡತಿ ಒಲಿಂಡಾಳಿಗೆ ಅಲ್ಲಿಂದಲೇ ಅನುಮಾನ ಶುರುವಾಯಿತು. ಕಾಪು ಹತ್ತಿರದ ಶಂಕರಪುರದಲ್ಲಿ ಮಲ್ಲಿಗೆ ಬೆಳೆದು ಬದುಕಿದವಳು ಅವಳು. ಹೂ ಕಟ್ಟಿ, ಮಲ್ಲಿಗೆ ಮಾರಾಟದ ಕಟ್ಟೆಯ ಏಜೆಂಟರಿಗೆ ಕೊಟ್ಟರೆ, ಅವರು ಕಮಿಷನ್ ಹಿಡಿದು ಉಳಿದದ್ದು ಕೊಡುತ್ತಾರೆ. ಕಮಿಷನ್ ಇಲ್ಲದೆ ಯಾರಾದರೂ ಕೆಲಸ ಮಾಡಿಕೊಡುವುದುಂಟಾ?

ಕೌಂಟರಿನಲ್ಲಿ ನುಸೈಬಾ ಎಂಬ ಹುಡುಗಿ ಇದ್ದಳು.

"ನಿನಗೆ ಎಷ್ಟು ಕೊಡಬೇಕು ಮಗಾ?"

"ಎಂತದೂ ಬೇಡ ಆಂಟಿ. ರೇಷನ್ ಕಾರ್ಡ್, ಆಧಾರ್ ಕಾರ್ಡ್ ಕೊಡಿ, ಸಾಕು."

ಎಂತದೂ ಬೇಡ ಅನ್ನುತ್ತಾಳೆ, ಕಾರ್ಡ್ ಮಾತ್ರ ಬೇಕಂತೆ! ಒಲಿಂಡಾ ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು, "ಮತ್ತೆ ಬರುತ್ತೇನೆ" ಎಂದು ಹೊರಟೇಬಿಟ್ಟಳು.

ವರಾಂಡದ ಕಂಬದ ಮರೆಯಲ್ಲಿ ನಿಂತಿದ್ದ ಒಬ್ಬ ಅವಳ ಮನೆಮಾತು ಕೊಂಕಣಿಯಲ್ಲೇ ಪಿಸುದನಿಯಲ್ಲಿ ಮಾತಾಡಿಸಿದ. ಹೆಸರು ಕಾರ್ಲ್ಟನ್ ಅಂತೆ, ಕೊರಳಲ್ಲಿ ಗುರುತಿನ ಕಾರ್ಡ್ ನೇತಾಡುತ್ತಿತ್ತು.

"ಬಾಯೇ, ಆ ಹುಡುಗಿಗೆ ಕಾರ್ಡ್ ಕೊಟ್ಟೀರಿ ಮತ್ತೆ! ನಿಮ್ಮ ಫಂಡನ್ನು ಅವರೇ ನುಂಗಿಬಿಡುತ್ತಾರೆ. ನನಗೆ ಕೊಡಿ. ಮೇಲಿನ ಆಫೀಸಿನಲ್ಲಿ ಪಾಸ್ ಮಾಡಿಸಿ ಹಣ ನಿಮ್ಮ ಕೈಗೇ ತಂದುಕೊಡುತ್ತೇನೆ. ಕಾರ್ಕಳದ ಒಬ್ಬರಿಗೂ ನಾನೇ ಮಾಡಿಸಿದ್ದು. ನನಗೆ ಸ್ವಲ್ಪ ಕಮಿಷನ್, ಅಷ್ಟೇ."

ಅಬ್ಬ, ನಮ್ಮ ಜನ! ಬಾಯಿಬಿಟ್ಟು ಕಮಿಷನ್ ಕೇಳಿದ್ದರಿಂದಲೇ ಒಲಿಂಡಾಳಿಗೆ ಅವನು ಪ್ರಾಮಾಣಿಕನಾಗಿ ಕಂಡ. ರೇಷನ್ ಕಾರ್ಡ್ ಕೊಟ್ಟೇಬಿಟ್ಟಳು.

ಮಧ್ಯಾಹ್ನ ನುಸೈಬಾ ವಾರ್ಡಿಗೇ ಬಂದಳು. "ಎಲ್ಲಿ ಆಂಟಿ ಕಾರ್ಡ್? ಇವತ್ತು ನೋಂದಣಿ ಆಗದಿದ್ದರೆ ನಾಳೆಯ ಆಪರೇಷನ್ ಮುಂದೆ ಹೋಗುತ್ತದೆ."

"ನಿನಗೆ ಎಂತಕ್ಕೆ ಇಷ್ಟು ಅವಸರ? ಫಂಡು ನುಂಗಲಿಕ್ಕಾ?"

ನುಸೈಬಾಳ ಮುಖ ಕೆಂಪಾಯಿತು. "ನುಂಗಲಿಕ್ಕೆ ಹಣ ಕೈಗೆ ಬರಬೇಕಲ್ವಾ ಆಂಟಿ? ಈ ಹಣ ನನ್ನ ಕೈಗೂ ಬರುವುದಿಲ್ಲ, ನಿಮ್ಮ ಕೈಗೂ ಬರುವುದಿಲ್ಲ. ಚಿಕಿತ್ಸೆಯ ಲೆಕ್ಕಕ್ಕೆ ನೇರ ಆಸ್ಪತ್ರೆಯ ಖಾತೆಗೆ ಹೋಗುತ್ತದೆ. ನನಗೆ ಸಂಬಳ ಉಂಟು. ಕೈಗೆ ತಂದುಕೊಡುತ್ತೇನೆ ಎಂದವರು ಯಾರಾದರೂ ಇದ್ದರೆ ಕೌಂಟರಿಗೆ ಕರೆಯಿರಿ. ಎಲ್ಲರ ಎದುರು ಕಮಿಷನ್ ಕೇಳಲಿ, ನೋಡುವ."

ಒಲಿಂಡಾ ಕಾರ್ಲ್ಟನ್‌ನನ್ನು ಹುಡುಕುತ್ತಾ ಹೊರಟಳು. ಹೌದಲ್ಲ! ಕಟ್ಟೆಯ ಏಜೆಂಟರು ಕಮಿಷನ್ ಹಿಡಿಯುವುದು ಹತ್ತು ಜನರ ಎದುರು. ಇವನು ಕೇಳಿದ್ದು ಕಂಬದ ಮರೆಯಲ್ಲಿ, ಪಿಸುಮಾತಿನಲ್ಲಿ.

ಕ್ಯಾಂಟೀನಿನ ಹತ್ತಿರ ಕಾರ್ಲ್ಟನ್ ಸಿಕ್ಕಿದ.

"ಬಾ ಮಾರಾಯ, ಕೌಂಟರಿಗೆ ಹೋಗುವ."

"ಅಲ್ಲಿಗೆ ಎಂತಕ್ಕೆ ಬಾಯೇ? ನನಗೆ ಬೇರೆ ಕೆಲಸ ಉಂಟು."

ಒಲಿಂಡಾ ಅವನ ಕೊರಳಿನ ಕಾರ್ಡನ್ನೇ ಹಿಡಿದು ತಿರುಗಿಸಿದಳು. ಯಾವುದೋ ಕ್ರಿಕೆಟ್ ಟೂರ್ನಮೆಂಟಿನದು! "ನನ್ನ ಗಂಡ ಅಲ್ಲಿ ನರಳುತ್ತಿದ್ದಾನೆ, ನೀನು ಇಲ್ಲಿ ಆಟ ಆಡುತ್ತೀಯಾ? ಕೊಡು ನನ್ನ ಕಾರ್ಡ್!" ಅವಳ ಕೂಗಿಗೆ ಕ್ಯಾಂಟೀನಿನವರೆಲ್ಲ ಎದ್ದು ಬಂದರು. ಸೆಕ್ಯುರಿಟಿಯವರೂ ಓಡಿ ಬಂದು ಅವನನ್ನು ಹಿಡಿದರು. ಅವನ ಜೇಬಿನಲ್ಲಿ ಅವಳ ಕಾರ್ಡಿನ ಜೊತೆ ಇನ್ನೂ ಮೂವರ ರೇಷನ್ ಕಾರ್ಡ್ ಇತ್ತು.

ಸಂಜೆಯೊಳಗೆ ನೋಂದಣಿ ಮುಗಿಯಿತು, ಮರುದಿನ ಆಪರೇಷನ್ ಆಯಿತು. "ನಿನ್ನನ್ನು ಕಳ್ಳಿ ಅಂದುಕೊಂಡೆನಲ್ಲ ಮಗಾ" ಎಂದು ಒಲಿಂಡಾ ಅತ್ತೇಬಿಟ್ಟಳು.

"ಅನುಮಾನ ಪಟ್ಟದ್ದು ತಪ್ಪಲ್ಲ ಆಂಟಿ. ಅವನ ಮೇಲೂ ಸ್ವಲ್ಪ ಪಡಬೇಕಿತ್ತು, ಅಷ್ಟೇ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವೂ ಅನುಮಾನ ಪಡಿ. ಆದರೆ ಕೌಂಟರಿಗೆ ಹೋಗಿ, ಬಾಯಿಬಿಟ್ಟು ಕೇಳಿ: ನಮ್ಮ ಕಾಯಿಲೆಗೆ ಯೋಜನೆ ಉಂಟಾ, ಎಷ್ಟು ಸಿಗುತ್ತದೆ, ಎಂತ ಕಾಗದ ಬೇಕು? ಉತ್ತರ ಸಿಗದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ಫಂಡು ಕೈಗೆ ತಂದುಕೊಡುತ್ತೇನೆ ಎನ್ನುವವನು ನಿಮ್ಮ ಊರಿನವನೇ ಆಗಲಿ, ನಿಮ್ಮ ಮನೆಮಾತನ್ನೇ ಆಡಲಿ, ಕಾರ್ಡ್ ಕೊಡಬೇಡಿ. ಅವನಿಗೆ ಅವಸರ ಇಲ್ಲ. ಹಾಸಿಗೆಯಲ್ಲಿ ನರಳುತ್ತಿರುವುದು ನಿಮ್ಮ ಮನೆಯವರು.