ಕೊಟ್ಟು ಬರಬೇಕಿದ್ದ ಗಾಡಿ

ಕೀಲಿಕೈ ಕೈಗಿಟ್ಟು ಬಾಗಿಲಿನಿಂದಲೇ ಹೊರಟುಬಿಡುವುದೋ, ಒಳಗೆ ಹೋಗಿ ಒಂದು ಕಪ್ ಚಹಾ ಕುಡಿದು ಆಮೇಲೆ ಕೊಡುವುದೋ? ಚಹಾ ಕುಡಿದರೆ ಮಾತು ಶುರುವಾಗುತ್ತದೆ. ಮಾತು ಶುರುವಾದರೆ ಆ ಮೆಸೇಜಿನ ತನಕ ಹೋಗಿಯೇ ಹೋಗುತ್ತದೆ. ಹೋಗದಿದ್ದರೆ ಅದು ಇನ್ನೂ ಕಷ್ಟ. ಎರಡು ವರ್ಷ ಮಾತಿಲ್ಲದೆ ಕಳೆದ ಇಬ್ಬರು ಮೆಲ್ಬರ್ನಿನ ಚಳಿಯ ಬಗ್ಗೆ ಎಷ್ಟು ಹೊತ್ತು ಮಾತಾಡಬಹುದು?

ಗಂಡಗಾಯ್ ಎಂಬ ಊರು ಹಿಂದೆ ಬಿದ್ದಿತ್ತು. ವಿರುಪಾಕ್ಷ ಸಿಡ್ನಿಯ ಗಿರಾವೀನ್‌ನಿಂದ ನಸುಕಿನಲ್ಲೇ ಹೊರಟಿದ್ದ. ಸಂಜೆಯೊಳಗೆ ಮೆಲ್ಬರ್ನಿನ ಟ್ರುಗನಿನಾ ಮುಟ್ಟಿ, ಗಾಡಿಯನ್ನು ಹಳೆಯ ಗೆಳೆಯ ಡ್ಯಾರಿಲ್‌ಗೆ ಒಪ್ಪಿಸಿ, ಮರುದಿನದ ವಿಮಾನ ಹಿಡಿದು ಸಿಡ್ನಿಗೆ ಮರಳುವುದೆಂದು ಎಲ್ಲ ಬುಕ್ ಮಾಡಿಕೊಂಡಿದ್ದ. ಗಾಡಿ ಕೊಟ್ಟ ಮೇಲೆ ಅವರಿಬ್ಬರ ನಡುವೆ ಉಳಿಯುವಂಥದ್ದೇನೂ ಇರಲಿಲ್ಲ. ಸ್ನೇಹ ಮುಗಿದಿದೆಯೋ ಇಲ್ಲವೋ ಎಂಬುದು ಅವನಿಗೆ ತಿಳಿಯಬೇಕಿತ್ತು. ತಿಳಿಯದೆ ಹೀಗೇ ಇದ್ದುಬಿಟ್ಟರೆ ಒಳ್ಳೆಯದೆಂದೂ ಅನ್ನಿಸುತ್ತಿತ್ತು.

ಮುಂದೆ ಏರು ಬಂತು. ಲಾರಿಯೊಂದನ್ನು ದಾಟಲೆಂದು ಎಕ್ಸಲರೇಟರ್ ಒತ್ತಿದ. ಈ ಗಾಡಿಯಲ್ಲಿ ಒತ್ತಿದ ಕೂಡಲೇ ಏನೂ ಆಗುವುದಿಲ್ಲ. ಒಂದು ಗಳಿಗೆ ಸುಮ್ಮನಿರುತ್ತದೆ, ಕೇಳಿಸಲಿಲ್ಲವೇನೋ ಎನ್ನುವ ಹಾಗೆ. ಆಮೇಲೆ ಬಾನೆಟ್ಟಿನೊಳಗೆಲ್ಲೋ ಸಣ್ಣಗೆ ಸಿಳ್ಳೆ ಹೊಡೆದಂತೆ ಟರ್ಬೊ ತಿರುಗಲು ಹತ್ತುತ್ತದೆ, ಬೆನ್ನನ್ನು ಯಾರೋ ಸೀಟಿಗೆ ಒತ್ತಿ ಹಿಡಿದಂತಾಗುತ್ತದೆ. ಲಾರಿ ಕನ್ನಡಿಯಲ್ಲಿ ಚಿಕ್ಕದಾಯಿತು.

ಹೊರಗಿನಿಂದ ನೋಡಿದವರಿಗೆ ಇದು ಗೊತ್ತಾಗುತ್ತಿರಲಿಲ್ಲ. ಮೆಲ್ಬರ್ನಿನಲ್ಲೇ ತಯಾರಾಗಿ, ಆ ಕಾರ್ಖಾನೆ ಮುಚ್ಚಿಹೋದ ಮೇಲೆ ಯಾರಿಗೂ ಬೇಡವಾದ ದೊಡ್ಡ ಸೆಡಾನ್ ಅದು. ಒಂದು ಕಾಲಕ್ಕೆ ಟ್ಯಾಕ್ಸಿಯವರೆಲ್ಲ ಇದೇ ಮಾದರಿಯನ್ನು ಇಟ್ಟುಕೊಂಡಿದ್ದರು. ಸಿಡ್ನಿಯ ಬಿಸಿಲಿಗೆ ಟಾಪಿನ ಬಣ್ಣ ಹಪ್ಪಳದಂತೆ ಎದ್ದಿತ್ತು. ಒಳಗಿನ ಚಾವಣಿಯ ಬಟ್ಟೆ ಜೋತುಬಿದ್ದು, ಅದಕ್ಕೆ ಬಣ್ಣಬಣ್ಣದ ಪಿನ್ನು ಚುಚ್ಚಲಾಗಿತ್ತು. ಗಿರಾವೀನ್‌ನ ಹುಡುಗರು ಅದನ್ನು ‘ಟ್ಯಾಕ್ಸಿ’ ಎಂದೇ ಕರೆಯುತ್ತಿದ್ದರು. ಸಿಗ್ನಲ್ಲಿನಲ್ಲಿ ಹೊಸ ಜರ್ಮನ್ ಕಾರುಗಳ ಪಕ್ಕದಲ್ಲಿ ಬಡಪಾಯಿಯಂತೆ ನಿಂತು, ಹಸಿರು ಬಿದ್ದಾಗ ಅವುಗಳನ್ನು ಹಿಂದೆ ಬಿಡುವುದರಲ್ಲಿ ಡ್ಯಾರಿಲ್‌ಗೆ ಸಿಗುತ್ತಿದ್ದ ಸುಖ ಬೇರೆ ಯಾವುದರಲ್ಲೂ ಸಿಗುತ್ತಿರಲಿಲ್ಲ.

ಇಬ್ಬರೂ ಹೊಸದಾಗಿ ಕೆಲಸಕ್ಕೆ ಸೇರಿ ಒಂದೇ ಮನೆಯಲ್ಲಿ ರೆಂಟಿಗೆ ಇದ್ದಾಗ ಕೂಡಿ ಕೊಂಡದ್ದು ಅದು. ಡ್ಯಾರಿಲ್ ಕಾರ್ಕಳದ ಕಡೆಯವನು, ಮನೆಯಲ್ಲಿ ಕೊಂಕಣಿ. ವಿರುಪಾಕ್ಷ ಧಾರವಾಡದವನು. ಗಾಡಿ ಮನೆಗೆ ತರುವ ದಿನ ವಿರುಪಾಕ್ಷ, “ತಾ ಇಲ್ಲೆ, ನಾ ಹೊಡೀತೀನಿ” ಎಂದು ಕೈ ಚಾಚಿದ್ದ. ಡ್ಯಾರಿಲ್ ಕೀಲಿಕೈಯನ್ನು ಬೆನ್ನ ಹಿಂದೆ ಅಡಗಿಸಿ, “ಪಾಪದ ಗಾಡಿ, ಅದಕ್ಕೆ ಯಾಕೆ ಹೊಡೀತೀ ಮಾರಾಯ?” ಎಂದು ಕೇಳಿದ್ದ. ಧಾರವಾಡದಲ್ಲಿ ಗಾಡಿ ಹೊಡೆಯುವುದೆಂದರೆ ಓಡಿಸುವುದು ಎಂದು ತಿಳಿಸಿ ಹೇಳುವಷ್ಟರಲ್ಲಿ ಮಾರುವವನಿಗೂ ನಗು ಬಂದಿತ್ತು. ಆಮೇಲೆ ರಗಳೆಯೇ ಬೇಡವೆಂದು ಇಬ್ಬರೂ ‘ಡ್ರೈವ್ ಮಾಡು’ ಎನ್ನತೊಡಗಿದರು. ಮದುವೆಗಳಾದವು. ಡ್ಯಾರಿಲ್, ಅವನ ಹೆಂಡತಿ ರೋಸಲಿನ್ ಸಿಡ್ನಿಯದೇ ಲಿವರ್‌ಪೂಲ್ ಬಡಾವಣೆಯಲ್ಲಿ ಮನೆ ಹಿಡಿದರು. ಗಾಡಿ ಮಾತ್ರ ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ ಎಂದು ಎರಡೂ ಮನೆಗಳ ನಡುವೆ ಓಡಾಡಿಕೊಂಡಿತ್ತು.

ಎರಡು ವರ್ಷದ ಹಿಂದೆ ವಿರುಪಾಕ್ಷ ವಲಂಗಾಂಗ್‌ಗೆ ಹೋಗಿ ಬರುವಾಗ ಏರಿನಲ್ಲಿ ನೀರಿನ ಪೈಪು ಒಡೆದು ಎಂಜಿನ್ ಕಾದುಹೋಯಿತು. ಟೋ ಮಾಡಿಸಿ ತಂದು, ಅಳುಕುತ್ತ ಫೋನ್ ಮಾಡಿದರೆ ಡ್ಯಾರಿಲ್ ಬೈಯಲಿಲ್ಲ. “ಹ್ಞಾ, ಸರಿ” ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಬೈದಿದ್ದರೆ ವಿರುಪಾಕ್ಷನಿಗೆ ಸಮಾಧಾನವಾಗುತ್ತಿತ್ತು. ವಾರ ಕಳೆಯಿತು. ಪೈಪು ಹಾಕಿಸಿ ಗಾಡಿ ಮನೆಗೆ ತಂದ ಸಂಜೆ ಮೆಸೇಜು ಬಂತು:

“ವಿರುಪಾಕ್ಷ, ಇನ್ನು ಗಾಡಿ ನೀನು ಬಿಡು. ನನ್ನಿಂದ ಆಗುವುದಿಲ್ಲ.”

ಕನ್ನಡ ಅಕ್ಷರದಲ್ಲಿತ್ತು. ಅದೇ ಅವನಿಗೆ ಮೊದಲು ಚುಚ್ಚಿದ್ದು. ಡ್ಯಾರಿಲ್ ಯಾವಾಗಲೂ ಇಂಗ್ಲಿಷ್ ಅಕ್ಷರದಲ್ಲಿ ಗೀಚುತ್ತಿದ್ದ, ‘ವಿರು’ ಎನ್ನುತ್ತಿದ್ದ. ಇದು ಪೂರ್ತಿ ಹೆಸರಿಟ್ಟು, ಪೂರ್ಣವಿರಾಮ ಹಾಕಿ, ಕಚೇರಿಯ ನೋಟಿಸಿನಂತಿತ್ತು. ಗಾಡಿಯ ಮೇಲಿನ ಹಕ್ಕು ಬಿಡು, ನಿನ್ನ ಜೊತೆ ನನಗೆ ಸಾಕಾಗಿದೆ. ಇನ್ನೇನು ಅರ್ಥ? ವಿರುಪಾಕ್ಷ ಬಹಳ ಹೊತ್ತು ಕೂತು, ಅದೇ ಕನ್ನಡ ಅಕ್ಷರದಲ್ಲಿ ಒಂದೇ ಪದ ಬರೆದು ಕಳಿಸಿದ: “ಬಿಟ್ಟೆ.”

ಅದಕ್ಕೆ ಹೆಬ್ಬೆರಳಿನ ಚಿತ್ರವೊಂದು ಬಂತು. ಅಲ್ಲಿಗೆ ಮುಗಿಯಿತು. ಮುಂದಿನ ತಿಂಗಳು ಡ್ಯಾರಿಲ್ ದಂಪತಿ ಮೆಲ್ಬರ್ನ್‌ಗೆ ಹೋದರೆಂದು ಬೇರೆಯವರ ಬಾಯಿಂದ ಗೊತ್ತಾಯಿತು.

ಗಾಡಿ ತೆಗೆದುಕೊಂಡು ಹೋಗಲು ಯಾರೂ ಬರಲಿಲ್ಲ. ವಿರುಪಾಕ್ಷ ಅದನ್ನು ಮನೆ ಪಕ್ಕದ ಕಾರ್‌ಪೋರ್ಟಿನ ಸೂರಿನಡಿ ನಿಲ್ಲಿಸಿ ಹೊದಿಕೆ ಹಾಕಿದ. ತನ್ನದಲ್ಲದ ವಸ್ತು ಕೆಡಬಾರದೆಂದು ಭಾನುವಾರ ಹೊದಿಕೆ ಸರಿಸಿ, ಎಂಜಿನ್ ಚಾಲೂ ಮಾಡಿ, ಪಕ್ಕದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ. ಗೇಟಿನ ಆಚೆ ಒಯ್ಯುತ್ತಿರಲಿಲ್ಲ. ಕೆಲಸಕ್ಕೆ ಟ್ರೇನಿನಲ್ಲಿ ಹೋಗುತ್ತಿದ್ದ. ಹೆಂಡತಿ ಮಾಧುರಿ ಬೆಳಗಾವಿಯವಳು, ಅವಳಿಗೆ ಈ ವ್ರತ ಅರ್ಥವಾಗುತ್ತಿರಲಿಲ್ಲ. ಈಗ ಅವರು ಒಂದೇ ಪಾರ್ಕಿಂಗ್ ಇರುವ ಫ್ಲ್ಯಾಟಿಗೆ ಮನೆ ಬದಲಿಸುವುದಿತ್ತು, ಆ ಜಾಗ ಮಾಧುರಿಯ ಕಾರಿಗೇ ಬೇಕಿತ್ತು.

“ಒಂದ ಕೊಟ್ಟ ಬರ್ರಿ, ಇಲ್ಲಾ ಮಾರಿಬಿಡ್ರಿ,” ಎಂದಿದ್ದಳು. “ಎರಡೂ ಬಿಟ್ಟು ಹಿಂಗ ಪೂಜಾ ಮಾಡ್ಕೋತ ನಿಂದರಬ್ಯಾಡ್ರಿ.”

ಶನಿವಾರ ಗಾಡಿ ತರುತ್ತೇನೆಂದು ಅವನು ಬರೆದಾಗ ಡ್ಯಾರಿಲ್ ಹಳೆಯ ಇಂಗ್ಲಿಷ್ ಅಕ್ಷರದಲ್ಲೇ ಒಂದು ಸಾಲು ಕಳಿಸಿದ್ದ: ಅಂತೂ ನೆನಪಾಯಿತಲ್ಲ, ಬಾ. ಅದು ಖುಷಿಯೋ ಕುಟುಕೋ ವಿರುಪಾಕ್ಷನಿಗೆ ಬಗೆಹರಿಯಲಿಲ್ಲ. ಸಂಬಂಧ ಹರಿದುಕೊಳ್ಳಲು ಹೋಗುವಾಗಲೂ ಬರಿಗೈಲಿ ಹೋಗಬಾರದೆಂದು ಮಾಧುರಿ ಡಿಕ್ಕಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇಟ್ಟಿದ್ದಳು.

ಟ್ರುಗನಿನಾದ ಮನೆಗಳು ಒಂದರ ಪಕ್ಕ ಒಂದು ಒಂದೇ ಥರ ಇದ್ದವು. ನಂಬರು ಹುಡುಕುತ್ತ ನಿಧಾನವಾಗಿ ಹೋಗುತ್ತಿದ್ದಾಗ ಒಂದು ಮನೆಯ ಎದುರಿನ ಫುಟ್‌ಪಾತಿನಲ್ಲಿ ಡ್ಯಾರಿಲ್ ಆಗಲೇ ನಿಂತಿದ್ದ. ಸೊರಗಿದ್ದ. ಹುಬ್ಬಿನ ಮೇಲೆ ಹೊಲಿಗೆ ಹಾಕಿದ ಹಳೆಯ ಗಾಯದ ಗುರುತಿತ್ತು.

“ಟ್ಯಾಕ್ಸಿ ಬಂತು ಅಂತ ಸೌಂಡ್ ಕೇಳಿಯೇ ಹೇಳಿದೆ ಇವಳಿಗೆ,” ಎಂದ. ವಿರುಪಾಕ್ಷನ ಕೈ ಹಿಡಿಯುವ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಬಿಸಿಯಾಗಿದ್ದರೂ ಕೈ ತೆಗೆಯಲಿಲ್ಲ.

ಹಾಗಾಗಿ ಬಾಗಿಲಲ್ಲೇ ಕೀಲಿಕೈ ಕೊಡುವುದಾಗಲಿಲ್ಲ. ವಿರುಪಾಕ್ಷ ಅದನ್ನು ಜೇಬಿನಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಒಳಗೆ ಬಂದ. ಮಾತು ಅವನು ಹೆದರಿದಂತೆ ಚಳಿಯ ಸುತ್ತಲೇ ತಿರುಗಿತು. ಇಲ್ಲಿ ಒಂದೇ ದಿನದಲ್ಲಿ ನಾಲ್ಕು ಕಾಲವಂತೆ, ಬಸ್ಸು ಒಂದು ತಪ್ಪಿದರೆ ಇನ್ನೊಂದು ಬರುವುದೇ ಇಲ್ಲವಂತೆ. ಬಸ್ಸೇಕೆ ಎಂದು ವಿರುಪಾಕ್ಷ ಕೇಳಲಿಲ್ಲ. ರೊಟ್ಟಿಯ ಡಬ್ಬಿ ಕೊಡುವ ನೆಪದಲ್ಲಿ ಎದ್ದು ಅಡುಗೆಮನೆಗೆ ಹೋದ.

ರೋಸಲಿನ್ ಚಹಾ ಸೋಸುತ್ತಿದ್ದಳು. ಅವಳು ಆಸ್ಪತ್ರೆಯಲ್ಲಿ ನರ್ಸು, ಮಾತು ಯಾವಾಗಲೂ ಮೆಲ್ಲಗೆ.

“ಒಳ್ಳೇದಾಯ್ತು ನೀವು ಬಂದದ್ದು,” ಎಂದಳು. “ನಿನ್ನೆಯಿಂದ ಇವರಿಗೆ ಗಾಡಿಯದ್ದೇ ಮಾತು. ಸ್ವತಃ ಬಿಡ್ಲಿಕ್ಕಿಲ್ಲ ಅಲ್ವಾ, ಪಾಪ. ಡಾಕ್ಟರು ಇನ್ನೂ ಬಿಡ್ಲಿಕ್ಕೆ ಕೊಡುದಿಲ್ಲ.”

“ಏನ ಬಿಡಾಕ?” ಎಂದ ವಿರುಪಾಕ್ಷ.

“ಗಾಡಿ. ಫಿಟ್ಸ್ ಪೂರ್ತಿ ನಿಲ್ಲದೆ ಗಾಡಿ ಬಿಟ್ರೆ ಹೇಗೆ?”

ಅವನ ಕೈಯಲ್ಲಿ ಡಬ್ಬಿ ಹಾಗೇ ಉಳಿಯಿತು. ರೋಸಲಿನ್ ಅವನ ಮುಖ ನೋಡಿ, ಒಮ್ಮೆ ಹೊರಕೋಣೆಯ ಕಡೆ ನೋಡಿ, ದನಿ ಇನ್ನಷ್ಟು ತಗ್ಗಿಸಿ ಎಲ್ಲ ಹೇಳಿದಳು. ಎರಡು ವರ್ಷದ ಹಿಂದೆ ಬಾತ್‌ರೂಮಿನಲ್ಲಿ ಬಿದ್ದದ್ದು. ಅದಕ್ಕೂ ಮೊದಲು ಕೆಲವು ದಿನ ಮಂಕಾಗಿದ್ದದ್ದು, ಯಾರ ಫೋನ್ ಬಂದರೂ ಎರಡು ಮಾತಿಗೇ ಇಡುತ್ತಿದ್ದದ್ದು. ಆಸ್ಪತ್ರೆಯ ಹಾಸಿಗೆಯಲ್ಲಿ ಅವನಿಗೆ ಮೊದಲು ನೆನಪಾದದ್ದು ಗಾಡಿಯಂತೆ. ವಿರುಗೆ ಹೇಳು, ಇನ್ನು ಅವನೇ ಡ್ರೈವ್ ಮಾಡಲಿ ಎಂದನಂತೆ. ಕೈ ನಡುಗುತ್ತಿದ್ದುದರಿಂದ ಅವಳೇ ಟೈಪ್ ಮಾಡಿದಳು. ಅವಳು ಓದಿದ್ದು ಕನ್ನಡ ಶಾಲೆಯಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯಲು ಅವಳಿಗೆ ಬಾರದು.

“ಕಾಯಿಲೆ ಅಂತ ಬರೀಬೇಡ, ಊರೆಲ್ಲ ಆಗ್ತದೆ ಅಂತ ಅತ್ತೆ ಹೇಳಿದ್ರು. ಹಾಗೆ ಬರೀಲಿಲ್ಲ. ಆದ್ರೆ ಇವರು ನಿಮಗೆ ಎಲ್ಲ ಗೊತ್ತುಂಟು ಅಂತ ತಿಳ್ಕೊಂಡಿದ್ದಾರೆ. ಬರೀಲಿಲ್ಲ ಅಂತ ನಾನೂ ಇವರಿಗೆ ಹೇಳ್ಲಿಕ್ಕೆ ಹೋಗ್ಲಿಲ್ಲ, ನಿಮಗೆ ಹೇಗಾದ್ರೂ ಗೊತ್ತಾಗಿರ್ತದೆ ಅಂತ ಇದ್ದೆ.”

ಬಿಡು. ಅವರ ಊರಲ್ಲಿ ಗಾಡಿ ಬಿಡುವುದೆಂದರೆ ಓಡಿಸುವುದು. ಹೊಡೆಯುವ ಮಾತಿಗೆ ಅಂದು ಅಷ್ಟು ನಕ್ಕಿದ್ದರು. ನಕ್ಕು, ಇಬ್ಬರೂ ತಂತಮ್ಮ ಊರಿನ ಮಾತನ್ನು ಎತ್ತಿಟ್ಟು ಬೇರೊಂದನ್ನು ಹಿಡಿದಿದ್ದರು. ಹಾಗಾಗಿ ಈ ಮಾತು ಒಮ್ಮೆಯೂ ಅವರ ನಡುವೆ ಬಂದಿರಲೇ ಇಲ್ಲ. ಗಾಡಿ ನೀನು ಓಡಿಸು, ನನ್ನಿಂದ ಆಗುವುದಿಲ್ಲ. ಅಷ್ಟೇ ಇತ್ತು ಅದರಲ್ಲಿ.

ವಿರುಪಾಕ್ಷ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟ. ಸಿಟ್ಟು ಬರಬೇಕಿತ್ತೇನೋ, ಯಾರ ಮೇಲೆಂದು ತಿಳಿಯಲಿಲ್ಲ. ಅವನು ಚಹಾದ ಟ್ರೇ ಎತ್ತಿಕೊಂಡ.

ಚಹಾ ಮುಗಿಯುತ್ತಿದ್ದಂತೆ ಡ್ಯಾರಿಲ್ ಶೂ ಹಾಕಿಕೊಂಡು ನಿಂತಿದ್ದ. ಎಡಗಡೆಯ ಸೀಟಿನಲ್ಲಿ ಕೂತು, ತಲೆಯ ಮೇಲಿನ ಪಿನ್ನುಗಳನ್ನು ಮುಟ್ಟಿ ನೋಡಿ, ಒಂದು ಬಿದ್ದುಹೋಗಿದೆ ಎಂದ. ಶನಿವಾರದ ಸಂಜೆ, ಗೋದಾಮುಗಳ ನಡುವಿನ ಅಗಲ ರಸ್ತೆಗಳು ಖಾಲಿ ಬಿದ್ದಿದ್ದವು. ಫ್ರೀವೇಗೆ ಏರುವಲ್ಲಿ ಅವನು “ಈಗ” ಎಂದ. ವಿರುಪಾಕ್ಷ ಒತ್ತಿದ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಗಾಡಿ ಇಬ್ಬರನ್ನೂ ಎತ್ತಿಕೊಂಡು ಹೋಯಿತು. ಡ್ಯಾರಿಲ್ ಕಣ್ಣು ಮುಚ್ಚಿಕೊಂಡಿದ್ದ. ಮುಖದಲ್ಲಿ ಔಷಧದ ಮಂಕು ಇರಲಿಲ್ಲ.

ಹಿಂತಿರುಗುವಾಗ ಮುಚ್ಚಿದ ಗೋದಾಮೊಂದರ ಎದುರು ನಿಲ್ಲಿಸಿದರು. ಜೋರಾಗಿ ಓಡಿಸಿದ ಮೇಲೆ ಟರ್ಬೊ ತಣಿಯಲೆಂದು ಎಂಜಿನ್ ಸ್ವಲ್ಪ ಹೊತ್ತು ಆರಿಸಬಾರದು. ಇಬ್ಬರೂ ಅದರ ಮೆಲುದನಿ ಕೇಳುತ್ತ ಕೂತರು.

“ಒಂದು ಹೇಳ್ಲಿಕ್ಕುಂಟು,” ಎಂದ ಡ್ಯಾರಿಲ್, ಎದುರಿನ ಗೋಡೆಯನ್ನೇ ನೋಡುತ್ತ. “ಆಗ ಮನೆಯವರೆಲ್ಲ ಫೋನ್ ಮಾಡಿದ್ರು. ಮಾತ್ರೆ ತಿಂದ್ಯಾ, ಒಬ್ಬನೇ ಹೊರಗೆ ಹೋಗ್ಬೇಡ, ಬಾಗಿಲು ಹಾಕ್ಕೊಳ್ಬೇಡ. ನನ್ನನ್ನು ಗಾಜಿನ ಲೋಟದ ಹಾಗೆ ಹಿಡ್ಕೊಂಡ್ರು ಮಾರಾಯ. ನೀನೊಬ್ಬ ಎಂತದೂ ಕೇಳ್ಲಿಲ್ಲ. ಮೊದ್ಲು ಬೇಜಾರಾಯ್ತು, ಸುಳ್ಳು ಹೇಳುದಿಲ್ಲ. ಆಮೇಲೆ ಗೊತ್ತಾಯ್ತು. ಗಾಡಿ ಬಿಡು ಅಂತ ಹೇಳಿ ಕಳಿಸಿದೆ, ಅವತ್ತೇ ಬಿಟ್ಟೆ ಅಂದಿ. ನಾನು ಕೇಳಿದ್ದನ್ನು ಮಾಡಿದ್ದು ನೀನೊಬ್ಬನೇ.”

ವಿರುಪಾಕ್ಷ ಸ್ಟೇರಿಂಗಿನ ಮೇಲಿದ್ದ ಕೈ ತೆಗೆಯಲಿಲ್ಲ.

“ನಿದ್ದೆ ಬರದಿದ್ರೆ, ಇವ ಈಗ ಎಲ್ಲಿ ಬಿಡ್ತಿರ್ಬಹುದು ಅಂತ ನೆನೆಸ್ತಿದ್ದೆ. ಹಾಗೇ ನಿದ್ದೆ ಬರ್ತಿತ್ತು. ಎಲ್ಲೆಲ್ಲಿ ಹೋದಿ, ಹೇಳು.”

ಡ್ಯಾರಿಲ್‌ನ ಕಣ್ಣು ಒಮ್ಮೆ ಗಾಡಿ ಈವರೆಗೆ ಓಡಿದ ಕಿಲೋಮೀಟರಿನ ಅಂಕಿಯ ಕಡೆ ಹೋಯಿತು, ಅಲ್ಲಿ ನಿಲ್ಲದೆ ಮತ್ತೆ ಗೋಡೆಗೆ ಮರಳಿತು. ವಿರುಪಾಕ್ಷನಿಗೆ ಗೊತ್ತಿದ್ದದ್ದು ಅಂದು ಬಂದ ಒಂದು ದಿನದ ರಸ್ತೆ. ಅದನ್ನೇ ಹೇಳತೊಡಗಿದ. ಗೋಲ್ಬರ್ನ್ ಹತ್ತಿರ ಬೆಳಗಿನ ಮಂಜು ಗಾಜಿಗೆ ಅಂಟಿ ವೈಪರ್ ಹಾಕಬೇಕಾಗುತ್ತದೆ. ಯಾಸ್ ದಾಟಿದ ಮೇಲೆ ಗುಡ್ಡಗಳು ಬೋಳು, ಕುರಿಗಳು ಕಲ್ಲಿನಂತೆ ಕಾಣುತ್ತವೆ. ಗಂಡಗಾಯ್‌ನ ಏರಿನಲ್ಲಿ ಗಾಡಿಗೆ ಉಸಿರು ಚೆನ್ನಾಗಿ ಬರುತ್ತದೆ, ಲಾರಿಗಳು ನಿಂತಂತೆ ಕಾಣುತ್ತವೆ. ಒಂದು ಸಲ ಹೀಗೆ, ಇನ್ನೊಂದು ಸಲ ಹಾಗೆ ಎಂದು ಅವನು ಹೇಳಲಿಲ್ಲ. ಒಂದೇ ಸಲವೆಂದೂ ಹೇಳಲಿಲ್ಲ. ಡ್ಯಾರಿಲ್ ನಡುವೆ ಮಾತಾಡದೆ, ಊಟದ ನಂತರ ಕಥೆ ಕೇಳುವವರಂತೆ ತಲೆ ಹಿಂದಕ್ಕೆ ಒರಗಿಸಿ ಕೇಳಿದ.

“ಮತ್ತ ಈಗ ಯಾಕ ಬಂದಿ ಅಂತ ಕೇಳಲಿಲ್ಲಲ್ಲ ನೀ,” ಎಂದ ವಿರುಪಾಕ್ಷ ಕೊನೆಗೆ.

“ಯಾಕೆ ಬಂದಿ?”

“ಗಾಡಿ ತೋರ್ಸಾಕ.”

ಡ್ಯಾರಿಲ್ ನಕ್ಕ. “ತೋರ್ಸಿ ಆಯ್ತಲ್ಲ. ಬಂದ್ ಮಾಡು, ತಣ್ಣಗಾಯ್ತು ಅದು.”

ಮರುದಿನ ಬೆಳಿಗ್ಗೆ ವಿರುಪಾಕ್ಷ ವಿಮಾನದ ಟಿಕೆಟ್ ಕ್ಯಾನ್ಸಲ್ ಮಾಡಿ, ಮನೆಯ ಹಿಂದೆ ನಿಂತು ಮಾಧುರಿಗೆ ಫೋನ್ ಮಾಡಿದ. ಗಾಡಿ ವಾಪಸ್ ತರುತ್ತಿದ್ದೇನೆ ಎಂದ.

“ಎಲ್ಲಿ ನಿಲ್ಲಸ್ತೀರಿ?”

“ರಸ್ತಾದ ಮ್ಯಾಲ.”

“ಬಿಸಿಲಿಗೆ ಟಾಪ್ ಪೂರ್ತಿ ಹೋಗ್ತದ.”

“ಹೋಗಲಿ. ದಿನಾ ಅದರಾಗ ಕೆಲಸಕ್ಕ ಹೋಗ್ತೀನಿ.”

ಏನಾಯಿತೆಂದು ಅವಳು ಕೇಳಲಿಲ್ಲ. ಬಂದ ಮೇಲೆ ಹೇಳಿಸಿಕೊಂಡರಾಯಿತು ಎಂದುಕೊಂಡಿರಬೇಕು.

ಅಂದಿನಿಂದ ಅವನು ಎಲ್ಲಿಗೆ ಹೋದರೂ ಅಲ್ಲಿಂದ ಡ್ಯಾರಿಲ್‌ಗೆ ಒಂದು ಫೋಟೊ ಕಳಿಸುತ್ತಾನೆ. ಡ್ಯಾರಿಲ್ ಇಂಗ್ಲಿಷ್ ಅಕ್ಷರದಲ್ಲಿ ಏನಾದರೂ ಕೀಟಲೆ ಬರೆಯುತ್ತಾನೆ. ರಜೆಯಲ್ಲಿ ಎರಡೂ ಸಂಸಾರ ಕೂಡುತ್ತವೆ, ಮಾತಿಗೇನೂ ಬರವಿಲ್ಲ. ಆದರೆ ಆ ಎರಡು ವರ್ಷ ಗಾಡಿ ಗಿರಾವೀನ್‌ನ ಕಾರ್‌ಪೋರ್ಟಿನಲ್ಲಿ ಹೊದಿಕೆಯ ಕೆಳಗೆ ನಿಂತೇ ಇತ್ತೆಂದು ವಿರುಪಾಕ್ಷ ಅವನಿಗೆ ಎಂದೂ ಹೇಳಲಿಲ್ಲ.