ಕಂಬದ ಮೇಲಿನ ಪಿನ್ನು

ಅತ್ತೆಗೆ ಎಪ್ಪತ್ತು ದಾಟಿದೆ, ಆದರೂ ಕಾರಿನ ವಿಷಯದಲ್ಲಿ ಯಾರ ಮಾತನ್ನೂ ಕೇಳುವ ಪೈಕಿ ಅಲ್ಲ. ನಲವತ್ತೈದು ವರ್ಷದಿಂದ ಅದೇ ಕಾರು, ಅದೇ ಸ್ಟೀರಿಂಗು. ಅದಕ್ಕೆ ನಾಲ್ಕು ಗೇರು, ಅದರ ಮೇಲೆ ಓವರ್‌ಡ್ರೈವ್ ಅಂತ ಇನ್ನೊಂದು. ನಾಲ್ಕನೇ ಗೇರಿನಲ್ಲಿ ಓಡುವಾಗ ಸ್ಟೀರಿಂಗ್ ಪಕ್ಕದ ಸ್ವಿಚ್ಚನ್ನು ಒಂದೇ ಬೆರಳಲ್ಲಿ ತಳ್ಳಿದರೆ ಸಾಕು, ಇಂಜಿನ್ನಿನ ಗಲಾಟೆ ತಗ್ಗಬೇಕು, ವೇಗ ಮಾತ್ರ ಹಾಗೇ ಇರಬೇಕು. ಹೋದ ವಾರ ಅದು ಕೈಕೊಟ್ಟಿತು. ಸ್ವಿಚ್ ತಳ್ಳಿದರೆ ಕೆಳಗೆಲ್ಲೋ ಟಕ್ ಅನ್ನುತ್ತಿತ್ತು, ಅಷ್ಟೇ. ಇಂಜಿನ್ನು ಅರಚುವುದನ್ನು ನಿಲ್ಲಿಸಲಿಲ್ಲ.

ತೀರಿಹೋದ ಅಣ್ಣನ ರಿಪೇರಿ ಶೆಡ್ಡಿಗೇ ಅವಳು ಕಾರು ತಂದಳು. ಅಲ್ಲಿ ಈಗ ಅಣ್ಣನ ಇಬ್ಬರು ಮಕ್ಕಳು. ಗೇರು, ಎಣ್ಣೆ ಎಲ್ಲ ದೊಡ್ಡವನದು. ವೈರು, ಬ್ಯಾಟರಿ ಎಲ್ಲ ಚಿಕ್ಕವನದು. ಎರಡು ವರ್ಷದ ಹಿಂದೆ ಇಬ್ಬರೂ ಮುಟ್ಟಿದ ಒಂದು ಕಾರಿಗೆ ಬೆಂಕಿ ಬಿತ್ತು. ನಿನ್ನ ವೈರು ಅಂತ ಅವನು, ನಿನ್ನ ಪೆಟ್ರೋಲ್ ಪೈಪು ಅಂತ ಇವನು. ಅವತ್ತಿಂದ ಮಾತು ಬಂದ್. ಒಬ್ಬರಿಗೊಬ್ಬರು 'ಆ ಕಡೆಯವರು' ಆಗಿಬಿಟ್ಟರು. ಶೆಡ್ಡಿನ ನಡುವೆ ಸುಣ್ಣದ ಗೆರೆ, ಬಾಗಿಲಲ್ಲಿ ಇಟ್ಟಿಗೆ ರಾಶಿ. ನಾಳೆ ಬೆಳಿಗ್ಗೆ ಮೇಸ್ತ್ರಿ ಬಂದು ಗೋಡೆ ಎಬ್ಬಿಸುತ್ತಾನಂತೆ! ಬೇಡ್ರೋ ಅಂತ ಅತ್ತೆ ಎರಡು ಸಲ ಬಂದು ಹೇಳಿದ್ದಳು, ಕಲ್ಲಿನ ಮೇಲೆ ನೀರು ಸುರಿದ ಹಾಗಾಗಿತ್ತು. ಆ ಸಿಟ್ಟಿಗೇ ಈಗ ಕಾರನ್ನು ಸರಿಯಾಗಿ ಗೆರೆಯ ಮೇಲೇ ತಂದು ನಿಲ್ಲಿಸಿದಳು.

ದೊಡ್ಡವ ಜಾಕ್ ಕೊಟ್ಟು ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಿದ. ಎಣ್ಣೆ ನೋಡಿದ, ಗೇಜು ಹಾಕಿ ಒತ್ತಡ ನೋಡಿದ.

"ನನ್ನ ಕಡೆ ಏನೂ ತೊಂದರೆ ಇಲ್ಲ ಅತ್ತೆ. ಆ ಕಡೆಯವರನ್ನು ಕೇಳಿ."

ಚಿಕ್ಕವ ಟೆಸ್ಟ್ ಲ್ಯಾಂಪ್ ಹಿಡಿದು ತೂರಿಕೊಂಡ. "ಕರೆಂಟ್ ಸರಿಯಾಗಿ ಬರ್ತಿದೆ. ಸೊಲೆನಾಯ್ಡೂ ಎಳೀತಿದೆ, ಟಕ್ ಅಂತಲ್ಲ, ಅದೇ. ಆ ಕಡೆಯವರಿಗೆ ಹೇಳಿ."

"ನಾನೇನು ನಿಮ್ಮ ಪೋಸ್ಟ್‌ಮನ್ನಾ?" ಅತ್ತೆ ರೇಗಿದಳು. "ಇಬ್ಬರದೂ ಸರಿ ಇದ್ದರೆ ನನ್ನ ಕಾರು ಸುಳ್ಳು ಹೇಳ್ತಿದೆಯಾ? ಚಿಕ್ಕೋನೇ, ನಿನ್ನ ಕೆಲಸ ಎಲ್ಲಿ ಮುಗಿಯುತ್ತೆ, ಅವನದು ಎಲ್ಲಿ ಶುರುವಾಗುತ್ತೆ? ಅದನ್ನು ತೋರಿಸು."

ಚಿಕ್ಕವ ಕಾರಿನ ಕೆಳಗೆ ಟಾರ್ಚ್ ಬಿಟ್ಟ. ಅತ್ತೆ ಮಂಡಿ ನೋವನ್ನೂ ಮರೆತು ಬಗ್ಗಿ ನೋಡಿದಳು. ಗೇರ್ ಬಾಕ್ಸಿನ ಹಿಂದೆ, ಹೆಬ್ಬೆರಳಷ್ಟು ಉದ್ದದ ಒಂದು ಲಿವರ್. ಕರೆಂಟ್ ಬಂದಾಗ ಸೊಲೆನಾಯ್ಡ್ ಅನ್ನೋ ತಂತಿ ಸುರುಳಿ ಅಯಸ್ಕಾಂತದ ಹಾಗೆ ಇದನ್ನು ಎಳೆಯಬೇಕು, ಇದು ಒಳಗಿನ ವಾಲ್ವನ್ನು ಎತ್ತಿ ಎಣ್ಣೆ ಬಿಡಬೇಕು. ಅದರ ಹಿಡಿತ ಸಡಿಲವಾಗಿ, ಉಗುರಿನ ದಪ್ಪದಷ್ಟು ಜಾರಿತ್ತು. ಅಷ್ಟಕ್ಕೇ ಇಡೀ ಕಾರು ಮುನಿಸಿಕೊಂಡು ಕೂತಿತ್ತು.

ಇದು ಎಣ್ಣೆಯವನದೋ, ಕರೆಂಟಿನವನದೋ? ಇಬ್ಬರೂ ತಲೆಯೆತ್ತಿ ನಡುಗಂಬ ನೋಡಿದರು. ಸುಣ್ಣದ ಗೆರೆ ಆ ಕಬ್ಬಿಣದ ಕಂಬವನ್ನು ಮುಟ್ಟಿಕೊಂಡೇ ಹೋಗಿತ್ತು. ಅದರ ಮೇಲೆ ದಾರಕ್ಕೆ ಕಟ್ಟಿದ ಒಂದು ಪಿನ್ನು. ಅವರಪ್ಪ ದಪ್ಪ ಮೊಳೆಯೊಂದನ್ನು ಉಜ್ಜಿ ಉಜ್ಜಿ ಈ ಕೆಲಸಕ್ಕೆಂದೇ ಮಾಡಿಟ್ಟದ್ದು. ಕರೆಂಟ್ ಹರಿಯುತ್ತಿರುವಾಗಲೇ ಲಿವರಿನ ತೂತು, ಅದರ ಹಿಂದಿನ ತೂತು ಎರಡೂ ಒಂದೇ ನೇರಕ್ಕೆ ಬಂದು ಪಿನ್ನು ಸಲೀಸಾಗಿ ಹೊಕ್ಕರೆ ಅಳತೆ ಸರಿ. ದೊಡ್ಡವ ಎದ್ದು ಹೋಗಿ ಅದನ್ನು ಬಿಚ್ಚಿಕೊಂಡು ಬಂದು ಮತ್ತೆ ಕೆಳಗೆ ಮಲಗಿದ. ಚಿಕ್ಕವ ಮೀಟರ್ ಜೋಡಿಸಿ ಸೀಟಿನಲ್ಲಿ ಕೂತ, ಕೀ ತಿರುಗಿಸಿ ಸ್ವಿಚ್ ತಳ್ಳಿದ. ಸೊಲೆನಾಯ್ಡ್ ಪೂರ್ತಿ ಎಳೆದುಕೊಂಡರೆ ಕರೆಂಟ್ ತೋರಿಸುವ ಮೀಟರಿನ ಮುಳ್ಳು ಒಂದು ಆಂಪ್‌ಗೆ ಇಳಿಯಬೇಕು. ಇಳಿಯದಿದ್ದರೆ ಸುರುಳಿ ಸುಟ್ಟು ಹೋಗುತ್ತದೆ, ಅದೂ ನಿಮಿಷಗಳಲ್ಲಿ.

"ಅತ್ತೆ, ಹೇಳಿ, ಹದಿನೆಂಟಿದೆ."

"ಹದಿನೆಂಟಂತೆ ಕಣೋ."

"ಅತ್ತೆ, ಕೇಳಿ, ಈಗೆಷ್ಟು?" ಕೆಳಗಿಂದ ದೊಡ್ಡವ.

ಅತ್ತೆ ಬಾಯಿ ತೆಗೆಯುವಷ್ಟರಲ್ಲಿ ಸುಟ್ಟ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು.

"ಅಣ್ಣಾ! ಸುಡ್ತಿದೆ, ಆಫ್ ಮಾಡ್ತೀನಿ!"

"ಬೇಡ ಕಣೋ, ಇನ್ನೇನು ಸಿಕ್ತು! ಒಂದೇ ಒಂದು ಉಸಿರು ತಡಿ! ಈಗ?"

"ಹದಿನೆಂಟೇ! ಇನ್ನೊಂಚೂರು ಮೇಲೆ... ಮೇಲೆ... ಇಳೀತು! ಒಂದು! ಅಣ್ಣಾ, ಒಂದು!"

"ಪಿನ್ ಒಳಗೆ ಹೋಯ್ತು ಕಣೋ!"

ಸ್ಪ್ಯಾನರ್ ಕಿರ್ ಅಂತ ಬಿಗಿಯುವ ಸದ್ದು ಕೇಳಿತು. ಚಿಕ್ಕವ ಸ್ವಿಚ್ ಆಫ್ ಮಾಡಿದ. ಎರಡು ವರ್ಷ ಹೂತಿಟ್ಟ ಮಾತು ಇಷ್ಟು ಸಲೀಸಾಗಿ ಹೊರಗೆ ಬಂತಲ್ಲ ಅಂತ ಅತ್ತೆ ತೆರೆದ ಬಾಯಿ ಮುಚ್ಚದೆ ನಿಂತಳು. ಏನಾದರೂ ಅಂದರೆ ಎಲ್ಲಿ ಕೆಟ್ಟು ಹೋಗುತ್ತದೋ ಅಂತ ಹೆದರಿಕೆಯೂ ಆಯಿತು.

ಕಾರು ಇಳಿಸಿ ಮೂವರೂ ಹೊರಟರು. ಅತ್ತೆಯೇ ಡ್ರೈವರ್, ಅವರಿಬ್ಬರು ಹಿಂದೆ, ನಡುವೆ ಒಬ್ಬ ಕೂರುವಷ್ಟು ಜಾಗ ಬಿಟ್ಟುಕೊಂಡು. ಮನೆಗಳು ಮುಗಿದು ನೇರ ರಸ್ತೆ ಸಿಕ್ಕಿತು. ನಾಲ್ಕನೇ ಗೇರು. ಅತ್ತೆ ಬೆರಳಲ್ಲಿ ಸ್ವಿಚ್ ತಳ್ಳಿದಳು.

ಟಕ್.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಇಂಜಿನ್ನಿನ ಸದ್ದು ಮೆತ್ತಗೆ ಇಳಿಯಿತು, ಇಳಿದು ಅಲ್ಲೇ ನಿಂತಿತು. ವೇಗದ ಮುಳ್ಳು ಕದಲಲಿಲ್ಲ. ಅಷ್ಟು ಹೊತ್ತು ಕೇಳಿಸದೆ ಇದ್ದ ಗಾಳಿ ಕೇಳಿಸಿತು, ಹಿಂದೆ ಯಾರೋ ಮೂಗು ಎಳೆದುಕೊಂಡದ್ದೂ ಕೇಳಿಸಿತು. ಸಾವಿರ ಸಲ ನೋಡಿದ್ದೇ, ಆದರೂ ಅತ್ತೆಯ ಬಾಯಿಂದ "ಅಬ್ಬಾ!" ಅಂತ ಹೊರಬಿತ್ತು.

"ಅಪ್ಪ ಆ ಮೊಳೇನ ಎಷ್ಟು ಸರಿಯಾಗಿ ಉಜ್ಜಿದ್ದಾನೆ!" ದೊಡ್ಡವ ಕಿಟಕಿಯ ಕಡೆ ನೋಡಿಕೊಂಡೇ ಅಂದ.

"ಕೂದಲೆಳೆ ಆಚೀಚೆ ಇಲ್ಲ," ಅಂದ ಚಿಕ್ಕವ.

ಶೆಡ್ಡಿಗೆ ಬಂದ ಮೇಲೆ ದೊಡ್ಡವ ಪಿನ್ನನ್ನು ಕಂಬಕ್ಕೆ ಹಾಕಲು ಹೋದವನು ಕೈಯಲ್ಲೇ ಹಿಡಿದು ನಿಂತ. ನಾಳೆ ಆ ಕಂಬ ಗೋಡೆಯೊಳಗೆ ಹೋಗುತ್ತದೆ.

"ಇದು ಯಾವ ಕಡೆಗೋ?" ನೇರವಾಗಿ ತಮ್ಮನನ್ನೇ ಕೇಳಿದ.

ಚಿಕ್ಕವ ಪಿನ್ನನ್ನು ನೋಡಿದ, ಗೆರೆಯನ್ನು ನೋಡಿದ. "ನನಗೆ ಕೊಟ್ರೂ ನಾನೊಬ್ಬನೇ ಇಟ್ಕೊಂಡು ಏನು ಮಾಡ್ಲಿ?"

ದೊಡ್ಡವ ದಾರವನ್ನು ಮೊದಲಿದ್ದ ಹಾಗೇ ಕಂಬಕ್ಕೆ ಸುತ್ತಿದ. ಕೈ ಒರೆಸಿಕೊಂಡ, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. "ಮೇಸ್ತ್ರಿ ನಂಬರ್ ನಿನ್ನ ಹತ್ರ ತಾನೇ ಇರೋದು? ಬೇಡ ಅಂದ್ಬಿಡು."

ಅತ್ತೆ ಕಾರಿನೊಳಗೇ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದಳು. "ಆ ಇಟ್ಟಿಗೇನ ಮಾತ್ರ ನನ್ನ ಕಾರಲ್ಲಿ ತುಂಬೀರ, ಜೋಕೆ!" ಅಂತ ಒಳಗಿಂದಲೇ ಗದರಿದಳು.

ಚಿಕ್ಕವ ಆಗಲೇ ಫೋನ್ ಕಿವಿಗೆ ಇಟ್ಟುಕೊಂಡಿದ್ದ.

"ಮೇಸ್ತ್ರಿ, ನಾಳೆ ಬರಬೇಡಿ," ಅಂದ. "ಅಣ್ಣ ಬೇಡ ಅಂದ."